ರಜೆಯ ಬೆಳಿಗ್ಗೆ, ಎಲೆಯ ಹಿಂಬದಿ

ನಮ್ಮ ಬಾಲ್ಕನಿಯಲ್ಲಿ 23 ಕುಂಡಗಳಿವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿ ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಫೋನ್ ಒಳಗೇ ಇರುತ್ತದೆ. ಒಂದೊಂದೇ ಕುಂಡವನ್ನು ಹತ್ತಿರ ಎಳೆದುಕೊಂಡು, ಎಲೆಗಳನ್ನು ತಿರುಗಿಸಿ ನೋಡುತ್ತಾ ಹೋಗುತ್ತೇನೆ. ಎಲ್ಲ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ. ಇಡೀ ವಾರದಲ್ಲಿ ನನಗೆ ಜಾಸ್ತಿ ನೆಮ್ಮದಿ ಕೊಡುವ ಹೊತ್ತು ಇದೇ.

ಮೊದಲು ಹೀಗಿರಲಿಲ್ಲ. ರಜೆ ಬಂತೆಂದರೆ ವಾರದ ಬಾಕಿ ಕೆಲಸವೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತಿತ್ತು. ಗಿಡಗಳಿಗೆ ಓಡೋಡುತ್ತಾ ನೀರು ಹಾಕುತ್ತಿದ್ದೆ, ಅಷ್ಟೇ. ಹುಳ ಬಿದ್ದದ್ದು ಗೊತ್ತಾಗುತ್ತಿದ್ದದ್ದು ಗಿಡ ಅರ್ಧ ಒಣಗಿದ ಮೇಲೆ. ನಾಲ್ಕು ವರ್ಷದ ಹಿಂದೆ ಮೆಣಸಿನ ಗಿಡದ ಎಲೆಗಳು ಮುರುಟಿದ್ದನ್ನು ಕಂಡು ಗಾಬರಿಯಾಗಿ, ಬಟ್ಟೆ ಒಗೆಯುವ ಪುಡಿಯನ್ನು ನೀರಿಗೆ ಕಲಸಿ, ಸುಡು ಬಿಸಿಲಲ್ಲೇ ಗಿಡದ ತುಂಬಾ ಸಿಂಪಡಿಸಿದೆ. ಸಂಜೆ ಹೊತ್ತಿಗೆ ಎಲೆಯ ಅಂಚೆಲ್ಲ ಕಂದಾಗಿತ್ತು. ಮೂರು ದಿನದಲ್ಲಿ ಒಂದೂ ಎಲೆ ಉಳಿಯಲಿಲ್ಲ. ಅದು ನನ್ನ ಮಗಳು ಬೀಜ ಹಾಕಿ ಬೆಳೆಸಿದ ಗಿಡ. ಅವಳು ತುಂಬಾ ಅತ್ತಳು. ನನಗೂ ಬಹಳ ದಿನ ಬೇಜಾರಿತ್ತು.

ಆಮೇಲೆ ಹುಳಗಳ ಬಗ್ಗೆ ಓದಿದೆ, ಕೂತು ನೋಡಿದೆ. ಆಗ ಒಂದು ವಿಷಯ ಹೊಳೆಯಿತು. ಗಿಡದ ರಸ ಹೀರುವ ಸಸ್ಯಹೇನು ಬೆಚ್ಚಗಿನ ದಿನಗಳಲ್ಲಿ ಹುಟ್ಟಿ ದೊಡ್ಡದಾಗಿ ತಾನೇ ಮರಿ ಹಾಕಲು ಒಂದು ವಾರ, ಹತ್ತು ದಿನ ಸಾಕು. ಗಂಡು ಹೇನಿನ ಅಗತ್ಯವೇ ಇಲ್ಲ. ಹೆಣ್ಣು ಹೇನು ಒಂಟಿಯಾಗಿಯೇ ದಿನಾ ಕೆಲವು ಮರಿ ಹಾಕುತ್ತಾ ಹೋಗುತ್ತದೆ. ಹಾಗಾಗಿ ಈ ಭಾನುವಾರ ಚಿಗುರಿನಲ್ಲಿ ನಾಲ್ಕು ಹೇನು ಕಂಡರೆ ಬೆರಳಲ್ಲೇ ಒರೆಸಿ ಹಾಕಬಹುದು. ಮೂರು ಭಾನುವಾರ ಬಿಟ್ಟರೆ ಚಿಗುರೇ ಕಾಣದಷ್ಟು ಮುತ್ತಿರುತ್ತವೆ. ಅಂದರೆ ವಾರಕ್ಕೊಮ್ಮೆ ಸರಿಯಾಗಿ ನೋಡಿದರೆ ಸಾಕು. ದಿನಾ ತಲೆ ಕೆಡಿಸಿಕೊಳ್ಳಬೇಕಿಲ್ಲ. ರಜೆಯ ದಿನಕ್ಕೆ ಇದಕ್ಕಿಂತ ಒಪ್ಪುವ ಕೆಲಸ ನನಗಂತೂ ಗೊತ್ತಿಲ್ಲ.

ಕೂರುವ ಮುನ್ನ

ಬೇಕಾದ ಸಾಮಾನು ಒಂದು ಹಳೇ ಡಬ್ಬಿಯಲ್ಲಿ ಹಿಡಿಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಬಿಳಿ ಹಾಳೆ, ಬರೀ ನೀರು ತುಂಬಿದ ಸ್ಪ್ರೇ ಬಾಟಲಿ, ಮೆತ್ತನೆಯ ಹಳೇ ಟೂತ್‌ಬ್ರಷ್, ಕಿವಿಗೆ ಬಳಸುವಂಥ ಹತ್ತಿಯ ಕಡ್ಡಿ, ಕತ್ತರಿ. ಜೊತೆಗೊಂದು ಚಿಕ್ಕ ನೋಟ್‌ಬುಕ್. ಯಾವ ಗಿಡದಲ್ಲಿ ಏನು ಕಂಡೆ, ಏನು ಮಾಡಿದೆ ಎಂದು ಒಂದು ಸಾಲು ಬರೆದಿಡಿ. ಮುಂದಿನ ವಾರ ಎಲ್ಲಿಂದ ಶುರು ಮಾಡಬೇಕು ಎನ್ನುವುದು ಆ ಒಂದು ಸಾಲಿನಿಂದಲೇ ಗೊತ್ತಾಗುತ್ತದೆ.

ಬೆಳಿಗ್ಗೆ ಬೇಗ ಕೂತರೆ ಒಳ್ಳೆಯದು. ಬಿಸಿಲೇರಿದ ಮೇಲೆ ಕಣ್ಣಿಗೂ ಕಷ್ಟ, ಗಿಡಕ್ಕೂ ಕಷ್ಟ. ಮನೆಯವರಿಗೆ ಮೊದಲೇ ಹೇಳಿಬಿಡಿ, ಈ ಮುಕ್ಕಾಲು ಗಂಟೆ ನಾನು ಸಿಗುವುದಿಲ್ಲ ಎಂದು. ಬೇಕಾದವರು ಬಂದು ಪಕ್ಕದಲ್ಲಿ ಕೂರಬಹುದು. ನನ್ನ ಮಗಳು ಬರುತ್ತಾಳೆ. ಭೂತಗನ್ನಡಿ ಈಗ ಅವಳದೇ ಆಗಿದೆ.

ಎಲ್ಲಿ ನೋಡಬೇಕು

ಎಲೆಯ ಮೇಲ್ಭಾಗ ನೋಡಿ ಗಿಡ ಚೆನ್ನಾಗಿದೆ ಎಂದುಕೊಳ್ಳಬೇಡಿ. ಹುಳಗಳಿಗೆ ಬೇಕಾದದ್ದು ನೆರಳು ಮತ್ತು ಎಳಸು. ಹಾಗಾಗಿ ಮೊದಲು ಚಿಗುರು ನೋಡಿ, ಮೊಗ್ಗಿನ ಬುಡ ನೋಡಿ. ಆಮೇಲೆ ಎಲೆಯ ಹಿಂಬದಿ, ಅದರಲ್ಲೂ ನಡುನರದ ಪಕ್ಕ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯನ್ನು ಮರೆಯಲೇಬೇಡಿ. ಕೊನೆಗೆ ಕುಂಡ ಎತ್ತಿ ಅದರ ತಳ, ನೀರು ಇಳಿಯುವ ತೂತು, ಕೆಳಗಿನ ತಟ್ಟೆ.

ಹುಳಕ್ಕಿಂತ ಮೊದಲು ಅದರ ಗುರುತು ಕಾಣುತ್ತದೆ. ಇರುವೆಗಳು ಸಾಲಾಗಿ ಗಿಡ ಹತ್ತುತ್ತಿವೆಯಾ? ಹಾಗಿದ್ದರೆ ಮೇಲೆ ರಸ ಹೀರುವ ಯಾವುದೋ ಹುಳ ಇರುವ ಸಾಧ್ಯತೆ ಬಹಳ. ಆ ಹುಳಗಳು ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಹನಿಹನಿಯಾಗಿ ಹೊರಗೆ ಬಿಡುತ್ತವೆ. ಆ ಸಿಹಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ತಿನ್ನಲು ಬರುವ ಹುಳಗಳನ್ನು ಓಡಿಸುತ್ತವೆ. ಕೆಳಗಿನ ಎಲೆ ಮುಟ್ಟಿದರೆ ಅಂಟಂಟಾಗಿ ಹೊಳೆಯುತ್ತಿದ್ದರೆ ಅದೂ ಇದೇ ಸಿಹಿ ಅಂಟು. ಅದರ ಮೇಲೆ ಕಾಡಿಗೆ ಬಳಿದಂತೆ ಕಪ್ಪು ಬೂಷ್ಟು ಬರುತ್ತದೆ. ಬಹಳ ಜನ ಈ ಕಪ್ಪನ್ನೇ ರೋಗ ಎಂದುಕೊಂಡು ಔಷಧಿ ಹುಡುಕುತ್ತಾರೆ. ಮೇಲಿನ ಹುಳ ಹೋದರೆ ಅಂಟು ನಿಲ್ಲುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದರೆ ಆಯಿತು.

ಎಲೆಯ ಮೇಲೆ ಬಿಳಿ ಪೊರೆಯಂಥ ಚೂರುಗಳು ಉದುರಿದ್ದರೆ ಅವು ಹೇನು ಬೆಳೆಯುವಾಗ ಕಳಚಿದ ಚರ್ಮ. ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂತೆ ತಿಳಿಹಳದಿ ಚುಕ್ಕೆಗಳಿದ್ದರೆ ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟಿ. ಹಾಳೆಯ ಮೇಲೆ ಬಿದ್ದ ಧೂಳಿನ ಕಣ ನಡೆಯಲು ಶುರು ಮಾಡಿದರೆ ಅದು ಕೆಂಪು ಜೇಡ ನುಸಿ. ಜೇಡದ ಹಾಗೆ ಇದಕ್ಕೂ ಎಂಟು ಕಾಲು. ಒಣ ಹವೆ, ಬಿಸಿ ಗಾಳಿ ಎಂದರೆ ಅದಕ್ಕೆ ಹಬ್ಬ. ಎರಡು ದಿನಕ್ಕೊಮ್ಮೆ ಎಲೆಯ ಹಿಂಬದಿಗೆ ಜೋರಾಗಿ ನೀರು ಸಿಂಪಡಿಸಿದರೆ ಅರ್ಧಕ್ಕರ್ಧ ತೊಲಗುತ್ತದೆ.

ಸಸ್ಯಹೇನು, ಹಿಟ್ಟು ತಿಗಣೆ

ಈ ಎರಡರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲು ಇವುಗಳದೇ.

ಸಸ್ಯಹೇನಿಗೆ ನೀರೇ ಮೊದಲ ಮದ್ದು. ಚಿಗುರನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು, ಬಲಗೈಯಿಂದ ಬಾಟಲಿಯ ನೀರನ್ನು ಸಣ್ಣ ಧಾರೆಯಾಗಿ ಹೊಡೆಯಿರಿ. ಕೆಳಗೆ ಬಿದ್ದ ಹೇನು ಮತ್ತೆ ಗಿಡ ಹತ್ತುವುದು ಅಪರೂಪ. ಅದರ ಬಾಯಿ ಸೂಜಿಯಂತೆ ಗಿಡದೊಳಗೆ ನೆಟ್ಟಿರುತ್ತದೆ, ನೀರಿನ ಹೊಡೆತಕ್ಕೆ ಮುರಿಯುವುದೂ ಉಂಟು. ಇವತ್ತು ಒಮ್ಮೆ, ಬುಧವಾರ ಒಮ್ಮೆ, ಮುಂದಿನ ಭಾನುವಾರ ಒಮ್ಮೆ. ನನ್ನ ದಾಸವಾಳಕ್ಕೆ ಇಷ್ಟರಲ್ಲೇ ಬಹಳ ಸಲ ಗುಣವಾಗಿದೆ. ಒಂದು ಚಿಗುರು ಪೂರ್ತಿ ಮುತ್ತಿಹೋಗಿದ್ದರೆ ಅದನ್ನು ಕತ್ತರಿಸಿ ಸಾಬೂನು ನೀರಿಗೆ ಹಾಕಿ. ಗಿಡ ಪಕ್ಕದಿಂದ ಮತ್ತೆ ಚಿಗುರುತ್ತದೆ.

ಹೇನು ಪದೇ ಪದೇ ಬರುತ್ತಿದ್ದರೆ ಗೊಬ್ಬರದ ಕಡೆ ನೋಡಿ. ಸಾರಜನಕ ಜಾಸ್ತಿಯಾದ ಗಿಡ ರಸ ತುಂಬಿದ ಮೆತ್ತನೆಯ ಚಿಗುರನ್ನು ಒಮ್ಮೆಲೇ ಬಿಡುತ್ತದೆ. ಹೇನಿಗೆ ಅದೇ ಇಷ್ಟ. ಪ್ರೀತಿಯಿಂದ ವಾರ ವಾರ ಗೊಬ್ಬರ ಹಾಕುತ್ತಿದ್ದ ಕಾಲದಲ್ಲೇ ನನ್ನ ಗುಲಾಬಿಗೆ ಹೇನಿನ ಕಾಟ ವಿಪರೀತವಿತ್ತು. ತಿಂಗಳಿಗೊಮ್ಮೆ, ಅದೂ ಕಡಿಮೆ ಹಾಕತೊಡಗಿದ ಮೇಲೆ ಕಡಿಮೆಯಾಯಿತು.

ಹಿಟ್ಟು ತಿಗಣೆ ಇಷ್ಟು ಸುಲಭಕ್ಕೆ ಹೋಗುವುದಿಲ್ಲ. ಬಿಳಿ ಹತ್ತಿಯ ಉಂಡೆಯಂತೆ ಎಲೆಯ ಸಂದಿಯಲ್ಲಿ ಕೂತಿರುತ್ತದೆ. ಮೈಮೇಲೆ ಮೇಣದ ಪುಡಿ ಇರುವುದರಿಂದ ನೀರು ಜಾರಿಹೋಗುತ್ತದೆ. ಆ ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಇರುತ್ತವೆ. ಇದಕ್ಕೆ ಗಾಯ ಒರೆಸಲು ಬಳಸುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ, ಒಂದೊಂದೇ ತಿಗಣೆಗೆ ಮುಟ್ಟಿಸಿ. ಮೇಣ ಕರಗಿ ಬಿಳಿ ಹೋಗಿ ಕಂದು ಮೈ ಕಾಣುತ್ತದೆ. ಆಮೇಲೆ ಟೂತ್‌ಬ್ರಷ್‌ನಿಂದ ಸಂದಿ ಉಜ್ಜಿ ತೆಗೆಯಿರಿ. ಎಳೆ ಎಲೆಗೆ ಆಲ್ಕೋಹಾಲ್ ಜಾಸ್ತಿ ತಾಗಿಸಬೇಡಿ, ಸುಡುತ್ತದೆ. ಬಿಸಿಲಲ್ಲಿ ಈ ಕೆಲಸ ಬೇಡ, ಹತ್ತಿರದಲ್ಲಿ ಬೆಂಕಿಯೂ ಇರಬಾರದು.

ಒಂದೇ ದಿನ ಎಲ್ಲವನ್ನೂ ತೆಗೆದೆ ಎಂದು ಬಿಡುವಂತಿಲ್ಲ. ಮೊಟ್ಟೆ ಒಡೆದು ಬರುವ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಮೈಮೇಲೆ ಮೇಣವೂ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಕಡಿಮೆಯೆಂದರೂ ನಾಲ್ಕು ವಾರ ಅದೇ ಗಿಡವನ್ನು ಮತ್ತೆ ಮತ್ತೆ ನೋಡಬೇಕು. ಎಷ್ಟು ತೊಳೆದರೂ ಬರುತ್ತಿದ್ದರೆ ಕುಂಡದಿಂದ ಗಿಡವನ್ನು ಮೆಲ್ಲಗೆ ಹೊರಗೆಳೆದು ಬೇರು ನೋಡಿ. ಬೇರಿಗೆ ಹತ್ತುವ ಹಿಟ್ಟು ತಿಗಣೆಯೂ ಇದೆ. ಆಗ ಮಣ್ಣು ಪೂರ್ತಿ ಉದುರಿಸಿ, ಬೇರು ತೊಳೆದು, ಹೊಸ ಮಣ್ಣಲ್ಲಿ ನೆಡಬೇಕಾಗುತ್ತದೆ.

ಇದರ ಜೊತೆಗೆ ಇರುವೆಯ ದಾರಿ ತಡೆಯಬೇಕು. ಕುಂಡವನ್ನು ಗೋಡೆಯಿಂದ ಸ್ವಲ್ಪ ಈಚೆ ಸರಿಸಿ. ನೀರು ತುಂಬಿದ ತಟ್ಟೆಯ ನಡುವೆ ಒಂದು ಕಲ್ಲಿಟ್ಟು ಅದರ ಮೇಲೆ ಕುಂಡ ಕೂರಿಸಿ. ಕುಂಡದ ತಳ ನೀರಿಗೆ ತಾಗಬಾರದು. ಸೊಳ್ಳೆ ಮೊಟ್ಟೆ ಇಡದಂತೆ ಮೂರು ದಿನಕ್ಕೊಮ್ಮೆ ನೀರು ಬದಲಿಸಿ.

ಬೇವಿನೆಣ್ಣೆ

ಕೈಯಲ್ಲಿ, ನೀರಲ್ಲಿ ಆಗದಿದ್ದಾಗ ಮಾತ್ರ ನಾನು ಇದಕ್ಕೆ ಕೈಹಾಕುತ್ತೇನೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಒಂದೆರಡು ಮಿಲಿಲೀಟರ್ ಮೃದುವಾದ ದ್ರವ ಸಾಬೂನು. ಮೊದಲು ಸಾಬೂನನ್ನು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಅದಕ್ಕೆ ಎಣ್ಣೆ ಹಾಕಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಎಣ್ಣೆಯನ್ನು ನೇರವಾಗಿ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ. ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಸಿಂಪಡಿಸುವಾಗಲೂ ಬಾಟಲಿ ಅಲ್ಲಾಡಿಸುತ್ತಿರಿ. ಕಲಸಿದ್ದನ್ನು ಅವತ್ತೇ ಮುಗಿಸಿ, ನಾಳೆಗೆ ಇಡಬೇಡಿ.

ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ಕಾಯಿರಿ. ಎಲೆ ಚೆನ್ನಾಗಿದ್ದರೆ ಉಳಿದ ಗಿಡಕ್ಕೆ ಹಾಕಿ. ಹೊತ್ತು ಇಳಿದ ಮೇಲೆ, ಜೇನ್ನೊಣಗಳು ಮನೆಗೆ ಹೋದ ಮೇಲೆ ಸಿಂಪಡಿಸಿ. ಹೂವಿಗೆ ಬೇಡ. ಬಾಯಾರಿ ಬಾಡಿದ ಗಿಡಕ್ಕೂ ಬೇಡ, ಅದಕ್ಕೆ ಮೊದಲು ನೀರು. ತಿನ್ನುವ ಕಾಯಿ, ಸೊಪ್ಪು ಇದ್ದರೆ ಚೆನ್ನಾಗಿ ತೊಳೆದು ಬಳಸಿ.

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳದ ಹಸಿವು ಕೆಡಿಸುತ್ತದೆ, ಮರಿ ಪೊರೆ ಬಿಟ್ಟು ಬೆಳೆಯದಂತೆ ತಡೆಯುತ್ತದೆ. ಕೂಡಲೇ ಹುಳ ಸತ್ತು ಬೀಳುವುದಿಲ್ಲ. ಮರುದಿನ ಹುಳ ಓಡಾಡುತ್ತಿದ್ದರೆ ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಕಲಸಲು ಹೋಗಬೇಡಿ. ವಾರಕ್ಕೊಮ್ಮೆಯಂತೆ ಮೂರು ಸಲ ಹಾಕಿ ನೋಡಿ. ನಾನು ಬಟ್ಟೆ ಪುಡಿ ಹಾಕಿ ಮಾಡಿದ ತಪ್ಪು ಏನೆಂದು ಈಗ ಗೊತ್ತು. ಎಲೆಯ ಮೇಲೂ ತೆಳು ಮೇಣದ ಪದರ ಇರುತ್ತದೆ. ಗಟ್ಟಿ ಡಿಟರ್ಜೆಂಟ್ ಅದನ್ನು ಕಿತ್ತುಹಾಕುತ್ತದೆ, ಬಿಸಿಲು ಉಳಿದ ಕೆಲಸ ಮುಗಿಸುತ್ತದೆ.

ಉಳಿದವು

ಮೆಣಸಿನ ಎಲೆ ಮುರುಟಿದ್ದರೆ ಯಾವ ಕಡೆಗೆ ಮುರುಟಿದೆ ನೋಡಿ. ಅಂಚುಗಳು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ, ರಸ ಹೀರುವ ಸಣ್ಣ ಹುಳ. ಕೆಳಕ್ಕೆ ಮಡಚಿ ಬೋರಲು ಹಾಕಿದ ದೋಣಿಯಂತಾಗಿದ್ದರೆ ಸಾಮಾನ್ಯವಾಗಿ ನುಸಿ. ನಾಲ್ಕು ವರ್ಷದ ಹಿಂದೆ ಇದು ಗೊತ್ತಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಎರಡಕ್ಕೂ ಮುರುಟಿದ ತುದಿ ಚಿವುಟಿ ಎಸೆದು, ಎಲೆಯ ಹಿಂಬದಿಗೆ ಬೇವಿನೆಣ್ಣೆ ಹಾಕಬಹುದು. ಒಮ್ಮೆ ಮುರುಟಿದ ಎಲೆ ಮತ್ತೆ ನೇರವಾಗುವುದಿಲ್ಲ, ಹೊಸ ಚಿಗುರು ಹೇಗೆ ಬರುತ್ತದೆ ಎನ್ನುವುದನ್ನು ನೋಡಿ.

ಗಿಡ ಅಲ್ಲಾಡಿಸಿದಾಗ ಬಿಳಿ ಪುಡಿ ಎದ್ದಂತೆ ಹಾರಿದರೆ ಬಿಳಿ ನೊಣ. ಹಳದಿ ಬಣ್ಣ ಅವನ್ನು ಸೆಳೆಯುತ್ತದೆ. ಹಳದಿ ಅಂಟು ಹಾಳೆಯನ್ನು ಗಿಡದ ಎತ್ತರಕ್ಕೆ ತೂಗುಹಾಕಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಸುಳಿಯುತ್ತಿದ್ದರೆ ನೀರು ಜಾಸ್ತಿಯಾಗಿದೆ ಎಂದು ತಿಳಿಯಿರಿ. ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ಅವುಗಳ ಮರಿಗಳು ಆ ಒದ್ದೆ ಪದರದಲ್ಲೇ ಬದುಕುವುದು.

ಬಸವನ ಹುಳು ರಾತ್ರಿ ತಿನ್ನುತ್ತದೆ. ಬೆಳಿಗ್ಗೆ ಎಲೆಯಲ್ಲಿ ತೂತು, ಪಕ್ಕದಲ್ಲಿ ಬೆಳ್ಳಿಯಂತೆ ಹೊಳೆಯುವ ಗೆರೆ. ಸಂಜೆ ಒದ್ದೆ ಹಲಗೆಯೊಂದನ್ನು ಕುಂಡದ ಪಕ್ಕ ಇಟ್ಟರೆ ಬೆಳಗಾಗುವಾಗ ಅದರಡಿ ಬಂದು ಕೂತಿರುತ್ತದೆ. ಕೈಗವಸು ಹಾಕಿಕೊಂಡು ಎತ್ತಿ. ಉಪ್ಪು ಸುರಿಯಬೇಡಿ, ಮಣ್ಣು ಹಾಳಾಗುತ್ತದೆ.

ಕೊಲ್ಲಬಾರದ ಹುಳಗಳು

ಒಂದು ಭಾನುವಾರ ಮಗಳು ಕೂಗಿದಳು, "ಅಮ್ಮ, ಇಲ್ಲಿ ನೋಡು, ಮೊಸಳೆ ಮರಿ!" ದಾಸವಾಳದ ಚಿಗುರಿನ ಮೇಲೆ ಅರ್ಧ ಉಗುರಿನಷ್ಟು ಉದ್ದದ ಕಪ್ಪು ಹುಳ. ಬೆನ್ನ ಮೇಲೆ ಕಿತ್ತಳೆ ಬಣ್ಣದ ಮಚ್ಚೆ, ಮೈತುಂಬಾ ಮುಳ್ಳು. ಬ್ರಷ್ ಎತ್ತಿಕೊಂಡವಳು ಅವಳು "ತಾಳು" ಎಂದಳೆಂದು ನಿಂತೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಹೇನೊಂದನ್ನು ಹಿಡಿದು ತಿನ್ನುತ್ತಿತ್ತು. ಗುಲಗಂಜಿ ಹುಳುವಿನ ಮರಿ ಅದು. ಕೆಂಪು ಬೆನ್ನಿನ ದೊಡ್ಡದನ್ನು ಎಲ್ಲರೂ ಗುರುತಿಸುತ್ತಾರೆ, ಮರಿಯನ್ನು ಯಾರೂ ಗುರುತಿಸುವುದಿಲ್ಲ. ನಾನು ಅದಕ್ಕೆ ಮೊದಲು ಅಂಥವನ್ನು ಎಷ್ಟೋ ಒರೆಸಿ ಹಾಕಿದ್ದೆ.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಗೊತ್ತಿಲ್ಲದ ಹುಳ ಕಂಡರೆ ಐದು ನಿಮಿಷ ಸುಮ್ನೆ ನೋಡುವುದು. ಎಲೆ ತಿನ್ನುತ್ತಿದೆಯಾ, ರಸ ಹೀರುತ್ತಿದೆಯಾ, ಬೇರೆ ಹುಳ ತಿನ್ನುತ್ತಿದೆಯಾ ಎಂದು ಖಚಿತವಾದ ಮೇಲೆಯೇ ಮುಂದಿನ ಮಾತು. ಹಿಟ್ಟು ತಿಗಣೆಯ ನಡುವೆ ಅದರಂತೆಯೇ ಬಿಳಿಯಾಗಿ, ಇನ್ನೂ ಜೊಂಪೆ ಜೊಂಪೆಯಾಗಿರುವ ಹುಳವೊಂದು ಚುರುಕಾಗಿ ಓಡಾಡುತ್ತಿದ್ದರೆ ಅದೂ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿ ಇರಬಹುದು. ತಿಗಣೆ ಅಷ್ಟು ಚುರುಕಾಗಿ ಓಡುವುದಿಲ್ಲ. ಹೇನುಗಳ ನಡುವೆ ಕೆಲವು ಉಬ್ಬಿ, ಕಂದಾಗಿ, ಕಾಳಿನಂತೆ ಗಟ್ಟಿಯಾಗಿದ್ದರೆ ಅವನ್ನೂ ಹಾಗೇ ಬಿಡಿ. ಒಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ದುಂಡಗೆ ತೂತು ಕೊರೆದು ಹೊರಬಂದು ಅದು ಬೇರೆ ಹೇನುಗಳನ್ನು ಹುಡುಕಿಕೊಂಡು ಹೋಗುತ್ತದೆ.

ಮಗಳಿಗೆ ನಾನು ಪದೇ ಪದೇ ಹೇಳುವ ಕತೆ ಒಂದಿದೆ. 1880ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳನ್ನು ಹತ್ತಿಯ ದಿಂಬಿನಂತೆ ಕಾಣುವ, ಗಿಡಕ್ಕೆ ಅಂಟಿಕೊಂಡು ರಸ ಹೀರುವ ಶಲ್ಕ ಕೀಟವೊಂದು ಹಾಳು ಮಾಡುತ್ತಿತ್ತು. ಅದು ಆಸ್ಟ್ರೇಲಿಯಾದಿಂದ ಬಂದ ಕೀಟ. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞರು ಅಲ್ಲಿಗೇ ಹೋಗಿ, ಅದನ್ನು ತಿನ್ನುವ ವೆಡಾಲಿಯಾ ಎಂಬ ಗುಲಗಂಜಿ ಹುಳುವನ್ನು ಹುಡುಕಿ ಕಳಿಸಿದರು. ಎರಡು ವರ್ಷದೊಳಗೆ ತೋಟಗಳು ಚೇತರಿಸಿಕೊಂಡವು. ಮುಂದೆ 1940ರ ದಶಕದಲ್ಲಿ ಡಿಡಿಟಿ ಎಂಬ ಕೀಟನಾಶಕ ಹೊಡೆಯಲು ಶುರು ಮಾಡಿದಾಗ ಗುಲಗಂಜಿ ಹುಳುಗಳು ಸತ್ತವು, ಶಲ್ಕ ಕೀಟ ಮತ್ತೆ ಹೆಚ್ಚಿತು. ಬಾಟಲಿ ಕೈಗೆತ್ತಿಕೊಳ್ಳುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಅವು ಬರಬೇಕೆಂದರೆ ಊಟವೂ ಬೇಕು, ಹೂವೂ ಬೇಕು. ಎಲ್ಲೋ ಒಂದು ಕಡೆ ನಾಲ್ಕು ಹೇನು ಉಳಿದರೆ ಪರವಾಗಿಲ್ಲ. ಕೊತ್ತಂಬರಿ, ಸಬ್ಬಸಿಗೆಯ ಒಂದು ಕುಂಡವನ್ನು ಕೊಯ್ಯದೆ ಹೂ ಬಿಡಲು ಬಿಡಿ. ಆ ಸಣ್ಣ ಹೂಗಳಿಗೆ ಕಣಜಗಳೂ, ಗುಲಗಂಜಿ ಹುಳುಗಳೂ ಬರುತ್ತವೆ.

ಹೊಸ ಗಿಡ, ನಿಂಬೆ ಗಿಡ

ಹೊಸ ಗಿಡ ತಂದರೆ ಎರಡು ವಾರ ಉಳಿದವುಗಳಿಂದ ದೂರ ಇಡಿ. ನಮ್ಮ ಮನೆಗೆ ಹಿಟ್ಟು ತಿಗಣೆ ಬಂದದ್ದು ಒಂದು ನರ್ಸರಿಯಿಂದ ಆಸೆಪಟ್ಟು ತಂದ ಹೂಗಿಡದ ಜೊತೆ. ತಂದ ದಿನವೇ ಸಾಲಿನ ನಡುವೆ ಇಟ್ಟಿದ್ದೆ. ಒಂದೂವರೆ ತಿಂಗಳಲ್ಲಿ ಆರು ಕುಂಡಗಳಿಗೆ ಹರಡಿತು. ಎರಡು ಭಾನುವಾರ ಎಲೆಯ ಹಿಂಬದಿ ನೋಡಿ ಏನೂ ಇಲ್ಲವೆಂದಾದ ಮೇಲೆ ಸಾಲಿಗೆ ಸೇರಿಸಿದರೆ ಇಷ್ಟೆಲ್ಲ ಕಷ್ಟ ಇರುವುದಿಲ್ಲ, ಅಲ್ವಾ?

ಇನ್ನು ನಿಂಬೆ ಗಿಡದ ಮಾತು. ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಕಂದು ಬಿಳಿ ಹುಳ ಇರುತ್ತದೆ. ದೊಡ್ಡದಾದಾಗ ಎಲೆಯಷ್ಟೇ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಕೆಂಪಿನ ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಅದು ನಿಂಬೆ ಚಿಟ್ಟೆಯ ಮರಿ. ಎಳೆ ಗಿಡವಾದರೆ ಕೆಲವೇ ದಿನದಲ್ಲಿ ಬೋಳು ಮಾಡಿಬಿಡುತ್ತದೆ. ದೊಡ್ಡ ಗಿಡ ನಾಲ್ಕೈದು ಹುಳಗಳನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ನಮ್ಮಲ್ಲಿ ಎರಡು ನಿಂಬೆ ಗಿಡಗಳಿವೆ. ಸಣ್ಣದರಲ್ಲಿ ಸಿಕ್ಕ ಹುಳಗಳನ್ನು ಎಲೆ ಸಮೇತ ಚಿವುಟಿ ದೊಡ್ಡದರ ಮೇಲೆ ಬಿಡುತ್ತೇವೆ. ಆ ಕೆಲಸ ಮಗಳದು.

ಕೊನೆಗೆ ಕುಂಡಗಳನ್ನು ಅವುಗಳ ಜಾಗಕ್ಕೆ ಸರಿಸಿ, ಉದುರಿದ ಎಲೆ ಗುಡಿಸಿ, ಕೈ ತೊಳೆದುಕೊಂಡು ನೋಟ್‌ಬುಕ್ ಬರೆಯುತ್ತೇನೆ. ಈ ವಾರದ ಸಾಲು ಹೀಗಿದೆ: "ಗುಲಾಬಿ ಚಿಗುರಿನಲ್ಲಿ ಹೇನು, ನೀರು ಹೊಡೆದೆ, ಬುಧವಾರ ಮತ್ತೆ. ಬದನೆಯಲ್ಲಿ ಏನಿಲ್ಲ. ಮೆಣಸಿನ ಹೊಸ ಚಿಗುರು ನೇರವಾಗಿದೆ." ಅದರ ಕೆಳಗೆ ಮಗಳ ಅಕ್ಷರ: "ದೊಡ್ಡ ನಿಂಬೆ, ಮೂರನೇ ಕೊಂಬೆ, ಒಂದು ಗೂಡು ಕಟ್ಟಿದೆ. ಯಾರೂ ಮುಟ್ಟಬೇಡಿ."